ಒಂದೇ ರಾತ್ರಿಗೆ ಒಂದೂವರೆ ಕೆಜಿ ಏರಿತು, ಇದೆಲ್ಲ ಕೊಬ್ಬೇನಾ?

ಓದುಗರ ಪ್ರಶ್ನೆ, ಆಹಾರ ತಜ್ಞೆಯ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ತುಂಬಾ ಜನ ಕೇಳಿರುವುದು ಒಂದೇ ವಿಷಯ. ಡಯಟ್ ಮಾಡುತ್ತಿದ್ದೇವೆ, ವಾಕಿಂಗ್ ಹೋಗುತ್ತಿದ್ದೇವೆ, ಆದರೂ ತೂಕದ ಮಷಿನ್ ಒಂದು ದಿನ ಇಳಿಸಿ ತೋರಿಸುತ್ತದೆ, ಮಾರನೆ ದಿನ ಏರಿಸಿ ತೋರಿಸುತ್ತದೆ, ಏನನ್ನು ನಂಬಬೇಕು ಅಂತ. ಹಾಗಾಗಿ ಈ ಸಂಚಿಕೆಯ ಜಾಗವನ್ನೆಲ್ಲ ಅದಕ್ಕೇ ಕೊಟ್ಟಿದ್ದೇನೆ. ಹೆಸರು ಹಾಕಬೇಡಿ ಅಂದವರೇ ಹೆಚ್ಚು, ಆದ್ದರಿಂದ ಎಲ್ಲರದ್ದೂ ಊರು ಮಾತ್ರ.

ಪ್ರಶ್ನೆ: ಮೇಡಂ, ನನಗೆ 38 ವರ್ಷ, ಶಾಲೆಯಲ್ಲಿ ಟೀಚರ್. ಮೂರು ವಾರದಿಂದ ಬಾಯಿ ಕಟ್ಟಿ ಡಯಟ್ ಮಾಡುತ್ತಿದ್ದೇನೆ. ದಿನಾ ಬೆಳಿಗ್ಗೆ ತೂಕ ನೋಡಿ ಕ್ಯಾಲೆಂಡರ್ ಮೇಲೇ ಬರೆದಿಡುತ್ತೇನೆ, ಅದರ ಫೋಟೋ ಕಳಿಸಿದ್ದೇನೆ. ಎರಡನೇ ವಾರದ ಭಾನುವಾರ ಬೆಳಿಗ್ಗೆ 71.2 ಇತ್ತು. ಅವತ್ತು ಮಧ್ಯಾಹ್ನ ನಮ್ಮ ಮೈದುನನ ಮನೆಯ ಗೃಹಪ್ರವೇಶ. ಎಲೆ ಊಟ, ಎರಡು ಹೋಳಿಗೆ ತಿಂದೆ, ಸುಳ್ಳು ಹೇಳುವುದಿಲ್ಲ. ಸೋಮವಾರ ಬೆಳಿಗ್ಗೆ 72.6! ಒಂದೇ ಊಟಕ್ಕೆ 1.4 ಕೆಜಿ ದಪ್ಪ ಆದೆನಾ? ಅಳು ಬಂತು. ಸೋಮವಾರ, ಮಂಗಳವಾರ ಎರಡೂ ರಾತ್ರಿ ಊಟ ಬಿಟ್ಟೆ. ಗುರುವಾರಕ್ಕೆ ವಾಪಸ್ 71.2 ಬಂತು. ಊಟ ಬಿಟ್ಟಿದ್ದಕ್ಕೇ ಇಳಿಯಿತು ಅಲ್ವಾ? ಇನ್ನು ಮೇಲೆ ಫಂಕ್ಷನ್‌ಗಳಿಗೆ ಹೋಗುವುದೇ ಬೇಡವಾ?
ದಾವಣಗೆರೆ

ಉತ್ತರ: ಮೊದಲು ಕೊನೆಯ ಪ್ರಶ್ನೆಗೆ ಹೇಳಿಬಿಡುತ್ತೇನೆ. ಫಂಕ್ಷನ್‌ಗಳಿಗೆ ಹೋಗಿ, ಊಟ ಮಾಡಿ, ಹೋಳಿಗೆಯನ್ನೂ ತಿನ್ನಿ. ನಿಮ್ಮ ಪತ್ರ ಓದಿ ನನಗೆ ಸಂಕಟ ಆಗಿದ್ದು ಆ 72.6ಕ್ಕಲ್ಲ, ಅದನ್ನು ನೋಡಿ ನೀವು ಎರಡು ರಾತ್ರಿ ಹಸಿದುಕೊಂಡು ಮಲಗಿದಿರಲ್ಲ, ಅದಕ್ಕೆ.

ಲೆಕ್ಕ ಹಾಕಿ ನೋಡೋಣ. ಮೈಯಲ್ಲಿ ಒಂದು ಕೆಜಿ ಕೊಬ್ಬು ಸೇರಬೇಕಾದರೆ, ದಿನದ ಅಗತ್ಯಕ್ಕಿಂತ ಮೇಲೆ ಸುಮಾರು 7,700 ಕ್ಯಾಲೊರಿ ತಿನ್ನಬೇಕು. 1.4 ಕೆಜಿಗೆ ಅದು 10,800ರ ಹತ್ತಿರ. ಒಂದು ಹೋಳಿಗೆಗೆ 250 ಕ್ಯಾಲೊರಿ ಅಂತ ಹಿಡಿದರೆ, ಮಾಮೂಲಿ ತಿಂಡಿ ಊಟ ಎಲ್ಲ ಮುಗಿಸಿದ ಮೇಲೆ ಇನ್ನೂ 43 ಹೋಳಿಗೆ ತಿನ್ನಬೇಕಿತ್ತು. ನೀವು ತಿಂದಿದ್ದು ಎರಡು. ಅಂದ ಮೇಲೆ ಆ 1.4 ಕೆಜಿಯಲ್ಲಿ ಕೊಬ್ಬು ಇದ್ದರೂ ನೂರು ಗ್ರಾಂ ಆಸುಪಾಸು, ಅಷ್ಟೇ. ಹಾಗಾದರೆ ಉಳಿದದ್ದೇನು?

ಬಹುಪಾಲು ನೀರು. ಎಲೆ ಊಟದಲ್ಲಿ ಏನೇನು ಇರುತ್ತದೆ ನೆನೆಸಿಕೊಳ್ಳಿ: ಎಲೆ ತುದಿಗೆ ಉಪ್ಪು, ಪಕ್ಕದಲ್ಲಿ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಪುಳಿಯೋಗರೆ, ಎರಡು ಮೂರು ಸಲ ಬಡಿಸಿಕೊಂಡ ಸಾರು, ಕೊನೆಗೆ ಉಪ್ಪು ಹಾಕಿದ ಮಜ್ಜಿಗೆ. ಮನೆಯಲ್ಲಿ ತಿನ್ನುವುದಕ್ಕಿಂತ ನಾಲ್ಕೈದು ಗ್ರಾಂ ಉಪ್ಪು ಹೆಚ್ಚಿಗೆ ಹೋಗುವುದು ಏನೂ ಕಷ್ಟವಲ್ಲ. ಆಸ್ಪತ್ರೆಯಲ್ಲಿ ಹಾಕುವ ಸಲೈನ್ ಬಾಟಲಿ ನೋಡಿದ್ದೀರಲ್ಲ, ಅದರಲ್ಲಿ ಲೀಟರಿಗೆ 9 ಗ್ರಾಂ ಉಪ್ಪು ಇರುತ್ತದೆ, ನಮ್ಮ ರಕ್ತಕ್ಕೆ ಹೊಂದುವ ಅಳತೆ ಅದು. ದೇಹ ಆ ಹದವನ್ನು ಬಿಟ್ಟುಕೊಡುವುದಿಲ್ಲ. ನಾಲ್ಕೂವರೆ ಗ್ರಾಂ ಉಪ್ಪು ಹೆಚ್ಚಿಗೆ ಒಳಗೆ ಉಳಿದರೆ ಅದರ ಜೊತೆಗೆ ಅರ್ಧ ಲೀಟರ್ ನೀರನ್ನೂ ಹಿಡಿದಿಟ್ಟುಕೊಳ್ಳುತ್ತದೆ, ಕಿಡ್ನಿ ಆ ಉಪ್ಪನ್ನು ನಿಧಾನವಾಗಿ ಹೊರಗೆ ಕಳಿಸುವ ತನಕ. ಅರ್ಧ ಲೀಟರ್ ಅಂದರೆ ಅರ್ಧ ಕೆಜಿ. ಅದಕ್ಕೇ ಅವತ್ತು ರಾತ್ರಿ ಅಷ್ಟೊಂದು ಬಾಯಾರಿಕೆ ಆಗುವುದು, ಬೆಳಿಗ್ಗೆ ಉಂಗುರ ಬಿಗಿ ಅನ್ನಿಸುವುದು.

ಮತ್ತೆ, ತಿಂದ ಊಟಕ್ಕೇ ತೂಕ ಇಲ್ಲವಾ? ಅನ್ನ, ಸಾರು, ಪಾಯಸ, ನೀರು ಎಲ್ಲ ಸೇರಿ ಒಂದು ಎಲೆ ಊಟ ಸುಲಭವಾಗಿ ಒಂದು ಕೆಜಿ ದಾಟುತ್ತದೆ. ಅದರಲ್ಲಿ ಸ್ವಲ್ಪ ಭಾಗ ಮಾರನೆ ಬೆಳಿಗ್ಗೆಯೂ ಕರುಳಿನಲ್ಲೇ ಇರುತ್ತದೆ. ತಿಂದದ್ದು ಪೂರ್ತಿ ಹೊರಗೆ ಹೋಗುವುದಕ್ಕೆ ಒಂದರಿಂದ ಮೂರು ದಿನ ಬೇಕು. ಅನ್ನ, ಸಿಹಿ ಜಾಸ್ತಿ ತಿಂದಾಗ ಸ್ನಾಯುಗಳಲ್ಲೂ ನೀರು ಸೇರುತ್ತದೆ, ಅದನ್ನು ಮುಂದಿನ ಉತ್ತರದಲ್ಲಿ ಬರೆದಿದ್ದೇನೆ.

ಈಗ ನಿಮ್ಮ ಕ್ಯಾಲೆಂಡರ್ ಫೋಟೋ. ಅದನ್ನು ಕಳಿಸಿದ್ದು ತುಂಬಾ ಒಳ್ಳೆಯದಾಯಿತು, ಯಾಕೆಂದರೆ ನಿಮ್ಮ ಪ್ರಶ್ನೆಗೆ ಉತ್ತರ ನಿಮ್ಮ ಕೈಬರಹದಲ್ಲೇ ಇದೆ. ಸೋಮವಾರದಿಂದ ಭಾನುವಾರಕ್ಕೆ ನೀವು ಬರೆದಿರುವುದು ಹೀಗೆ. ಮೊದಲ ವಾರ 72.4, 72.1, 72.6, 71.9, 72.3, 71.8, 72.0. ಎರಡನೇ ವಾರ 71.7, 72.0, 71.5, 71.6, 71.9, 71.4, 71.2. ಮೂರನೇ ವಾರ, ಅಂದರೆ ಹೋಳಿಗೆ ತಿಂದ ಮೇಲಿನ ವಾರ, 72.6, 72.1, 71.6, 71.2, 71.3, 70.9, 70.8. ಪ್ರತಿ ವಾರದ ಏಳೂ ಅಂಕಿ ಕೂಡಿಸಿ ಏಳರಿಂದ ಭಾಗಿಸಿ. ಮೊದಲ ವಾರ 72.2, ಎರಡನೇ ವಾರ 71.6, ಮೂರನೇ ವಾರ 71.5. ನೋಡಿ, ನೀವು ಅತ್ತ ವಾರದ ಸರಾಸರಿಯೂ ಹಿಂದಿನ ವಾರಕ್ಕಿಂತ ಕಡಿಮೆಯೇ ಇದೆ. ಮೊದಲ ವಾರದಲ್ಲಿ ಯಾವ ಗೃಹಪ್ರವೇಶವೂ ಇರಲಿಲ್ಲ, ಆದರೂ ಮಂಗಳವಾರದಿಂದ ಬುಧವಾರಕ್ಕೆ ಅರ್ಧ ಕೆಜಿ ಏರಿದೆ, ಗುರುವಾರಕ್ಕೆ 700 ಗ್ರಾಂ ಇಳಿದಿದೆ. ಅದನ್ನು ನೀವು ಗಮನಿಸಲೇ ಇಲ್ಲ, ಯಾಕೆಂದರೆ ಬೈದುಕೊಳ್ಳಲು ಹೋಳಿಗೆ ಇರಲಿಲ್ಲ.

ಊಟ ಬಿಟ್ಟಿದ್ದಕ್ಕೆ ಇಳಿಯಿತಾ ಅಂದರೆ, ಎರಡು ರಾತ್ರಿ ಊಟ ಸೇರಿ 1,000 ಕ್ಯಾಲೊರಿ ಅಂದುಕೊಂಡರೂ ಕೊಬ್ಬಿನ ಲೆಕ್ಕದಲ್ಲಿ 130 ಗ್ರಾಂ. ಉಳಿದದ್ದು ನೀವು ಮಾಮೂಲಿ ಮುದ್ದೆ, ಸೊಪ್ಪಿನ ಸಾರು ತಿಂದುಕೊಂಡು ಇದ್ದಿದ್ದರೂ ನಾಲ್ಕು ದಿನಕ್ಕೆ ಇಳಿದೇ ಇಳಿಯುತ್ತಿತ್ತು. ಹೀಗೆ ಊಟ ಬಿಟ್ಟು ಇಳಿಸಿದವರು ಮೂರನೇ ದಿನ ಸ್ಕೂಲಿಂದ ಬಂದ ತಕ್ಷಣ ಡಬ್ಬಿಯಲ್ಲಿರುವ ಚಕ್ಕುಲಿ, ಮಿಕ್ಸ್ಚರ್‌ಗೆ ಕೈ ಹಾಕುವುದನ್ನು ನಾನು ತುಂಬಾ ನೋಡಿದ್ದೇನೆ. ಹಸಿವು ಅಷ್ಟು ಕೆಟ್ಟದ್ದು. ಫಂಕ್ಷನ್ ಆದ ಮಾರನೆ ದಿನ ಮಾಡಬೇಕಾದ್ದು ಇಷ್ಟೇ: ಮಾಮೂಲಿ ತಿಂಡಿ, ಮಾಮೂಲಿ ಊಟ, ಸಾಕಷ್ಟು ನೀರು, ಉಪ್ಪಿನಕಾಯಿ ಎರಡು ದಿನ ಬೇಡ.

ಪ್ರಶ್ನೆ: ನಾನು 29 ವರ್ಷದ ಸಾಫ್ಟ್‌ವೇರ್ ಉದ್ಯೋಗಿ, ತೂಕ 88 ಕೆಜಿ ಇತ್ತು. ಅನ್ನ, ಚಪಾತಿ, ಇಡ್ಲಿ, ದೋಸೆ ಎಲ್ಲ ಪೂರ್ತಿ ನಿಲ್ಲಿಸಿ ಮೊಟ್ಟೆ, ಚಿಕನ್, ಪನೀರ್, ತರಕಾರಿ ಮಾತ್ರ ತಿಂದೆ. ಮೊದಲ ವಾರ 3 ಕೆಜಿ ಇಳಿಯಿತು. ಸಿಕ್ಕಾಪಟ್ಟೆ ಖುಷಿ. ಎರಡನೇ ವಾರ ಬರೀ 400 ಗ್ರಾಂ. ಶನಿವಾರ ಫ್ರೆಂಡ್ಸ್ ಜೊತೆ ಒಂದು ಬಿರಿಯಾನಿ ತಿಂದೆ, ಎರಡು ದಿನದಲ್ಲಿ 1.5 ಕೆಜಿ ವಾಪಸ್. ಡಯಟ್ ಕೆಲಸ ಮಾಡುವುದು ನಿಂತುಹೋಯಿತಾ?
ಬೆಂಗಳೂರು

ಉತ್ತರ: ನಿಂತಿಲ್ಲ. ಎರಡನೇ ವಾರದ ಆ 400 ಗ್ರಾಂ ಇದೆಯಲ್ಲ, ನಿಮ್ಮ ನಿಜವಾದ ಗೆಲುವು ಅದೇ.

ನಾವು ತಿಂದ ಅನ್ನ, ರೊಟ್ಟಿಯ ಪಿಷ್ಟದಲ್ಲಿ ಸ್ವಲ್ಪ ಭಾಗವನ್ನು ದೇಹ ಗ್ಲೈಕೋಜನ್ ಅನ್ನುವ ರೂಪದಲ್ಲಿ ಶೇಖರಿಸಿಡುತ್ತದೆ. ಸ್ನಾಯುಗಳಲ್ಲಿ ಸುಮಾರು 400 ಗ್ರಾಂ, ಲಿವರ್‌ನಲ್ಲಿ ಸುಮಾರು 100 ಗ್ರಾಂ. ಒಂದು ಗ್ರಾಂ ಗ್ಲೈಕೋಜನ್ ಜೊತೆಗೆ ಸುಮಾರು 3 ಗ್ರಾಂ ನೀರೂ ಸೇರಿಕೊಂಡಿರುತ್ತದೆ. ಪಿಷ್ಟ ತಿನ್ನುವುದನ್ನು ಒಮ್ಮೆಗೇ ನಿಲ್ಲಿಸಿದಾಗ ಕೆಲವೇ ದಿನದಲ್ಲಿ ಈ ದಾಸ್ತಾನು ಬಹಳಷ್ಟು ಖಾಲಿಯಾಗುತ್ತದೆ, ಜೊತೆಗಿದ್ದ ನೀರೂ ಹೋಗುತ್ತದೆ. ಬರೀ ಇದರಿಂದಲೇ ಒಂದೂವರೆ ಎರಡು ಕೆಜಿ ಇಳಿಯಬಹುದು. ಇನ್ಸುಲಿನ್ ಕಡಿಮೆಯಾದಾಗ ಕಿಡ್ನಿ ಉಪ್ಪನ್ನು ಸ್ವಲ್ಪ ಹೆಚ್ಚು ಹೊರಗೆ ಬಿಡುತ್ತದೆ, ಅದರ ಜೊತೆಗೂ ನೀರು. ಹೊಟ್ಟೆಯಲ್ಲಿ ಊಟದ ಪ್ರಮಾಣವೂ ಕಡಿಮೆ. ಹಾಗಾಗಿ ಮೊದಲ ವಾರದ ಆ 3 ಕೆಜಿಯಲ್ಲಿ ಕೊಬ್ಬು ಅರ್ಧ ಕೆಜಿ ಇದ್ದಿರಬಹುದು. ದಿನಕ್ಕೆ 500 ಕ್ಯಾಲೊರಿ ಕಡಿಮೆ ತಿಂದರೆ ವಾರಕ್ಕೆ 3,500, ಅದನ್ನು 7,700ರಿಂದ ಭಾಗಿಸಿದರೆ 450 ಗ್ರಾಂ. ಎರಡನೇ ವಾರದ ನಿಮ್ಮ 400 ಗ್ರಾಂ ಈ ಲೆಕ್ಕಕ್ಕೆ ಎಷ್ಟು ಹತ್ತಿರ ಬರುತ್ತದೆ ನೋಡಿ.

ಬಿರಿಯಾನಿ ತಿಂದಾಗ ಖಾಲಿಯಾದ ದಾಸ್ತಾನು ಮತ್ತೆ ತುಂಬಿಕೊಂಡಿತು, ನೀರು ವಾಪಸ್ ಬಂತು, ಹೋಟೆಲ್ ಊಟದ ಉಪ್ಪು ಬೇರೆ. ಅದು ಸೋಲಲ್ಲ. ಒಂದು ಮಾತನ್ನು ಖಡಾಖಂಡಿತವಾಗಿ ಹೇಳುತ್ತೇನೆ, ‘ಒಂದೇ ವಾರದಲ್ಲಿ 4 ಕೆಜಿ’ ಅಂತ ಜಾಹೀರಾತು ಹಾಕುವವರೆಲ್ಲ ಈ ನೀರನ್ನೇ ಮಾರುತ್ತಿದ್ದಾರೆ. ದುಡ್ಡು ಕೊಡಬೇಡಿ. ನಿಮಗೆ ಅನ್ನವನ್ನು ಪೂರ್ತಿ ಬಿಡುವ ಅಗತ್ಯವೂ ನನಗೆ ಕಾಣುತ್ತಿಲ್ಲ. ಅರ್ಧ ಮಾಡಿ, ಅದರ ಜಾಗಕ್ಕೆ ಪಲ್ಯ, ಕಾಳು ಹಾಕಿ. ಇನ್ನೂ ಹತ್ತು ವರ್ಷ ಬೆಳಿಗ್ಗೆ ದೋಸೆ ಇಲ್ಲದೆ ಇರಬಲ್ಲೆ ಅಂತ ನಿಮಗೆ ಅನ್ನಿಸುತ್ತದಾ, ಅದನ್ನು ಕೇಳಿಕೊಳ್ಳಿ.

ಪ್ರಶ್ನೆ: ರಾತ್ರಿ ಮಲಗುವಾಗ 65.3, ಬೆಳಿಗ್ಗೆ ಎದ್ದಾಗ 64.5. ನಿದ್ದೆಯಲ್ಲಿ 800 ಗ್ರಾಂ ಕೊಬ್ಬು ಕರಗುತ್ತದಾ ಮೇಡಂ? ಹಾಗಿದ್ದರೆ ಜಾಸ್ತಿ ಹೊತ್ತು ಮಲಗಬಹುದಲ್ವಾ?
ಮಂಡ್ಯ

ಉತ್ತರ: ಕರಗಿದರೆ ಎಷ್ಟು ಚೆನ್ನಾಗಿರುತ್ತಿತ್ತು! ನಿಮ್ಮೂರಿನ ಸಕ್ಕರೆ ಕಾರ್ಖಾನೆಯ ವೇ ಬ್ರಿಜ್ ಮೇಲೆ ಕಬ್ಬಿನ ಲಾರಿ ನಿಂತಾಗ ಲಾರಿ, ಕಬ್ಬು, ಡೀಸೆಲ್, ಡ್ರೈವರ್ ಎಲ್ಲ ಸೇರಿ ಒಂದೇ ಅಂಕಿ ಬರುತ್ತದೆ. ನಾವು ಮಷಿನ್ ಹತ್ತಿದಾಗಲೂ ಹಾಗೇ. ಬೆಳಿಗ್ಗೆ ಎದ್ದು ಬಾತ್‌ರೂಮಿಗೆ ಹೋದರೆ ಮುನ್ನೂರು ನಾನೂರು ಗ್ರಾಂ ಅಲ್ಲೇ ಹೋಯಿತು. ಉಳಿದದ್ದು ರಾತ್ರಿಯಿಡೀ ಉಸಿರಿನ ಜೊತೆ, ಚರ್ಮದಿಂದ ನಮಗೆ ಗೊತ್ತೇ ಆಗದ ಹಾಗೆ ಹೋಗುವ ನೀರು.

ಇದನ್ನು ಮೊದಲು ಅಳೆದು ನೋಡಿದವರು ಇಟಲಿಯ ವೈದ್ಯ ಸ್ಯಾಂಟೋರಿಯೋ. ದೊಡ್ಡ ತಕ್ಕಡಿಗೆ ಕುರ್ಚಿ ತೂಗುಹಾಕಿಕೊಂಡು ಅದರ ಮೇಲೇ ಕೂತು, ತಿಂದದ್ದು, ಕುಡಿದದ್ದು, ವಿಸರ್ಜಿಸಿದ್ದು ಎಲ್ಲವನ್ನೂ ವರ್ಷಗಟ್ಟಲೆ ತೂಗಿದರು. 1614ರಲ್ಲಿ ಅದನ್ನು ಪ್ರಕಟಿಸಿದರು. ಒಳಗೆ ಹೋದದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಕಣ್ಣಿಗೆ ಕಾಣದ ಹಾಗೆ ಹೊರಟುಹೋಗುತ್ತದೆ ಅಂತ ಅವರಿಗೆ ಕಂಡುಬಂತು. ನಾಲ್ಕು ನೂರು ವರ್ಷದ ಹಿಂದಿನ ಆ ತಾಳ್ಮೆಯನ್ನು ನೆನೆದರೆ ನನಗೆ ಈಗಲೂ ಆಶ್ಚರ್ಯ.

ಕೊಬ್ಬೂ ಉಸಿರಿನಲ್ಲೇ ಹೊರಗೆ ಹೋಗುತ್ತದೆ ಅನ್ನುವುದು ಮಾತ್ರ ನಿಜ. 10 ಕೆಜಿ ಕೊಬ್ಬು ಪೂರ್ತಿ ಕರಗಿದರೆ ಅದರಲ್ಲಿ 8.4 ಕೆಜಿ ಇಂಗಾಲದ ಡೈ ಆಕ್ಸೈಡ್ ಆಗಿ ಉಸಿರಿನಲ್ಲಿ ಹೋಗುತ್ತದೆ, 1.6 ಕೆಜಿ ನೀರಾಗುತ್ತದೆ. 2014ರಲ್ಲಿ ಆಸ್ಟ್ರೇಲಿಯಾದ ಇಬ್ಬರು ವಿಜ್ಞಾನಿಗಳು ಈ ಲೆಕ್ಕವನ್ನು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಕೊಟ್ಟಿದ್ದಾರೆ. ಆದರೆ ಒಂದು ರಾತ್ರಿಗೆ ಅದು ಕೆಲವು ಹತ್ತು ಗ್ರಾಂ ಮಾತ್ರ. ಚೆನ್ನಾಗಿ ನಿದ್ದೆ ಮಾಡಿ, ನಿದ್ದೆಗೆಟ್ಟರೆ ಮಾರನೆ ದಿನ ಹಸಿವು ಜಾಸ್ತಿ. ರಾತ್ರಿ ತೂಕ ನೋಡುವುದನ್ನು ಮಾತ್ರ ಬಿಟ್ಟುಬಿಡಿ.

ಪ್ರಶ್ನೆ: ಪ್ರತಿ ತಿಂಗಳೂ ಮುಟ್ಟಿನ ಹಿಂದೆ ಮುಂದೆ ಒಂದು ಒಂದೂವರೆ ಕೆಜಿ ಏರುತ್ತದೆ. ಮೂರು ವಾರ ಕಷ್ಟಪಟ್ಟು ಇಳಿಸಿದ್ದು ಒಂದೇ ವಾರದಲ್ಲಿ ಹೋಯಿತು ಅನ್ನಿಸಿ ಎಲ್ಲ ಬಿಟ್ಟುಬಿಡುತ್ತೇನೆ. ಏನು ಮಾಡಲಿ?
ಧಾರವಾಡ

ಉತ್ತರ: ಇದನ್ನು ಇನ್ನೂ ಎಷ್ಟೋ ಹೆಣ್ಣುಮಕ್ಕಳು ಅನುಭವಿಸುತ್ತಾರೆ, ಆದರೆ ಮನೆಯಲ್ಲಿ ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಮುಟ್ಟಿಗೆ ಮುಂಚಿನ ದಿನಗಳಲ್ಲಿ ಹಾರ್ಮೋನಿನ ಏರಿಳಿತಕ್ಕೆ ದೇಹ ನೀರು ಹಿಡಿದುಕೊಳ್ಳುತ್ತದೆ. ಹೊಟ್ಟೆ ಉಬ್ಬರ, ಎದೆ ಭಾರ, ಕಾಲು ಊದಿದ ಹಾಗೆ. ಸಾಮಾನ್ಯವಾಗಿ ಮುಟ್ಟಿನ ಮೊದಲ ದಿನದ ಸುಮಾರಿಗೆ ಅದು ಅತಿ ಹೆಚ್ಚು ಇರುತ್ತದೆ, ಆಮೇಲೆ ಇಳಿಯುತ್ತದೆ. ಆ ಸಮಯದಲ್ಲಿ ಕರುಳಿನ ಚಲನೆಯೂ ನಿಧಾನವಾಗಬಹುದು, ಅದು ಇನ್ನೊಂದಿಷ್ಟು ಗ್ರಾಂ.

ಆದ್ದರಿಂದ ನೀವು ಈ ವಾರವನ್ನು ಹೋದ ವಾರದ ಜೊತೆ ಹೋಲಿಸಬೇಡಿ. ಮುಟ್ಟು ಮುಗಿದ ಐದನೇ ದಿನದ ತೂಕವನ್ನು ಹೋದ ತಿಂಗಳ ಮುಟ್ಟು ಮುಗಿದ ಐದನೇ ದಿನದ ಜೊತೆ ನೋಡಿ. ತಿಂಗಳಿಗೆ ಒಂದೇ ಹೋಲಿಕೆ. ಆಗ ನೀವು ಎಲ್ಲಿದ್ದೀರಿ ಅಂತ ಸರಿಯಾಗಿ ಗೊತ್ತಾಗುತ್ತದೆ. ತೂಕ ಏರಿದ ವಾರದಲ್ಲಿ ಮಷಿನ್ ಹತ್ತುವುದೇ ಬೇಡ ಅನ್ನಿಸಿದರೆ ಹತ್ತಬೇಡಿ, ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಮುಟ್ಟು ಎರಡು ಮೂರು ತಿಂಗಳು ಬರದೇ ತೂಕ ಏರುತ್ತಾ ಹೋಗುತ್ತಿದ್ದರೆ ಮಾತ್ರ ಡಾಕ್ಟರ ಹತ್ತಿರ ಹೋಗಿ ಪಿಸಿಒಡಿ (ಅಂಡಾಶಯದ ಹಾರ್ಮೋನಿನ ತೊಂದರೆ), ಥೈರಾಯ್ಡ್ ಇದೆಯಾ ಅಂತ ನೋಡಿಸಿಕೊಳ್ಳಿ.

ಪ್ರಶ್ನೆ: ಜಿಮ್‌ಗೆ ಸೇರಿ ಹತ್ತು ದಿನ ಆಯಿತು. ತೂಕ ಇಳಿಯುವ ಬದಲು 1.2 ಕೆಜಿ ಏರಿದೆ. ಟ್ರೈನರ್ ‘ಮಸಲ್ ಬಂದಿದೆ, ಒಳ್ಳೆಯದೇ’ ಅಂತಾರೆ. ನಿಜವಾ?
ಕಲಬುರಗಿ

ಉತ್ತರ: ಒಳ್ಳೆಯದೇ, ಆದರೆ ಹತ್ತು ದಿನಕ್ಕೆ ಒಂದು ಕೆಜಿ ಮಸಲ್ ಬರುವುದಿಲ್ಲ. ಹೊಸದಾಗಿ ಭಾರ ಎತ್ತಿದಾಗ ಸ್ನಾಯುವಿನ ಎಳೆಗಳಿಗೆ ಸಣ್ಣ ಸಣ್ಣ ಪೆಟ್ಟಾಗುತ್ತದೆ, ಅದಕ್ಕೇ ಮಾರನೆ ದಿನ ಮೆಟ್ಟಿಲು ಇಳಿಯುವಾಗ ತೊಡೆ ಹಿಡಿದುಕೊಳ್ಳುವುದು. ಅದನ್ನು ರಿಪೇರಿ ಮಾಡಲು ಆ ಜಾಗಕ್ಕೆ ನೀರು ಬಂದು ಸೇರುತ್ತದೆ. ಜೊತೆಗೆ ವ್ಯಾಯಾಮಕ್ಕೆ ಒಗ್ಗಿಕೊಂಡ ಸ್ನಾಯು ಮೊದಲಿಗಿಂತ ಹೆಚ್ಚು ಗ್ಲೈಕೋಜನ್ ಇಟ್ಟುಕೊಳ್ಳುತ್ತದೆ, ಅದರ ನೀರೂ ಸೇರಿತು. ಜಿಮ್‌ನಲ್ಲಿ ಕ್ರಿಯಾಟಿನ್ ಪುಡಿ ಕೊಟ್ಟಿದ್ದಾರಾ? ಅದರಿಂದಲೂ ಒಂದೆರಡು ಕೆಜಿ ನೀರು ಸೇರುವುದುಂಟು.

ಈ ಮೊದಲ ತಿಂಗಳಲ್ಲೇ ಎಷ್ಟೋ ಜನ ಜಿಮ್ ಬಿಟ್ಟುಬಿಡುತ್ತಾರೆ, ಅದೂ ಎಲ್ಲ ಸರಿಯಾಗಿ ನಡೆಯುತ್ತಿರುವಾಗ. ನೀವು ದಯವಿಟ್ಟು ಬಿಡಬೇಡಿ. ಟೈಲರ್ ಇಟ್ಟುಕೊಳ್ಳುವಂಥ ಒಂದು ಟೇಪ್ ತಗೊಳ್ಳಿ. ಪಕ್ಕೆಲುಬಿನ ಕೆಳ ಅಂಚಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಸಹಜವಾಗಿ ಬಿಟ್ಟು, ಹೊಟ್ಟೆ ಎಳೆದುಕೊಳ್ಳದೆ ಸುತ್ತಳತೆ ನೋಡಿ. ಎರಡು ವಾರಕ್ಕೊಮ್ಮೆ ಸಾಕು. ನಮ್ಮ ದೇಶದವರಿಗೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ಒಳಗಿರಬೇಕು ಅನ್ನುವುದು ವೈದ್ಯರು ಇಟ್ಟುಕೊಂಡಿರುವ ಮಿತಿ. ತೂಕ ನಿಂತಲ್ಲೇ ನಿಂತು ಟೇಪ್ ಎರಡು ಸೆಂಟಿಮೀಟರ್ ಕಡಿಮೆ ತೋರಿಸಿದರೆ ಕೊಬ್ಬು ಕರಗುತ್ತಿದೆ ಅಂತಲೇ ಅರ್ಥ.

ಪ್ರಶ್ನೆ: ಮನೆಯ ಮಷಿನ್‌ನಲ್ಲಿ ಒಂದು, ಜಿಮ್‌ನಲ್ಲಿ ಒಂದು, ಮೆಡಿಕಲ್ ಶಾಪ್ ಮುಂದೆ ಒಂದು. ಯಾವುದು ಸರಿ? ಕೊಬ್ಬಿನ ಶೇಕಡಾ ತೋರಿಸುವ ಮಷಿನ್ ತಗೊಳ್ಳಲಾ?
ಮೈಸೂರು

ಉತ್ತರ: ಯಾವುದು ಸರಿ ಅನ್ನುವುದಕ್ಕಿಂತ ಯಾವುದಾದರೂ ಒಂದೇ ಅನ್ನುವುದು ಮುಖ್ಯ. ಮನೆಯದ್ದನ್ನೇ ಇಟ್ಟುಕೊಳ್ಳಿ. ಸಮತಟ್ಟಾದ ಟೈಲ್ಸ್ ಅಥವಾ ಗ್ರಾನೈಟ್ ನೆಲದ ಮೇಲೆ, ದಿನಾ ಅದೇ ಜಾಗದಲ್ಲಿ. ಚಾಪೆ, ಕಾರ್ಪೆಟ್ ಮೇಲೆ ಇಟ್ಟರೆ ಅಂಕಿ ತಪ್ಪುತ್ತದೆ. ಬೆಳಿಗ್ಗೆ ಎದ್ದು, ಶೌಚಕ್ಕೆ ಹೋಗಿ ಬಂದು, ಕಾಫಿ ಕುಡಿಯುವ ಮುಂಚೆ, ಹೆಚ್ಚು ಕಡಿಮೆ ಒಂದೇ ಥರದ ಬಟ್ಟೆಯಲ್ಲಿ. ಒಂದೇ ಸಲ ಹತ್ತಿ, ಬರೆದುಕೊಂಡು, ಮಷಿನ್ ಮಂಚದ ಕೆಳಗೆ ತಳ್ಳಿ.

ಕೊಬ್ಬಿನ ಶೇಕಡಾ ತೋರಿಸುವ ಮಷಿನ್ ಪಾದದ ಮೂಲಕ ಸಣ್ಣ ವಿದ್ಯುತ್ ಹಾಯಿಸಿ ಅಂದಾಜು ಮಾಡುತ್ತದೆ. ಮೈಯಲ್ಲಿ ನೀರು ಹೆಚ್ಚು ಕಡಿಮೆಯಾದರೆ ಆ ಅಂಕಿಯೂ ಕುಣಿಯುತ್ತದೆ, ಹಾಗಾಗಿ ಅದಕ್ಕೆ ಹೆಚ್ಚು ದುಡ್ಡು ಸುರಿಯಬೇಡಿ. ಪೇಸ್‌ಮೇಕರ್ ಹಾಕಿಸಿಕೊಂಡವರು ಮನೆಯಲ್ಲಿದ್ದರೆ ಅವರು ಆ ಮಷಿನ್ ಹತ್ತಲೇಬಾರದು.

ಪ್ರಶ್ನೆ: ಅಮ್ಮಾ, ನನಗೆ 63. ಏಕಾದಶಿ ದಿನ ನಿರಾಹಾರ ಇರುವ ಅಭ್ಯಾಸ. ಮಾರನೆ ಬೆಳಿಗ್ಗೆ ಒಂದು ಕೆಜಿ ಕಡಿಮೆ ಇರುತ್ತದೆ, ಪಾರಣೆ ಮುಗಿಸಿ ಎರಡು ದಿನಕ್ಕೆ ಮತ್ತೆ ಅಷ್ಟೇ. ಉಪವಾಸದಿಂದ ತೂಕ ಇಳಿಯುವುದೇ ಇಲ್ಲವೇ?
ಉಡುಪಿ

ಉತ್ತರ: ಆ ಒಂದು ಕೆಜಿಯಲ್ಲಿ ಹೆಚ್ಚಿನದು ಕರುಳು ಖಾಲಿಯಾದದ್ದು ಮತ್ತು ನೀರು ಸರ್. ಕೊಬ್ಬು ಸ್ವಲ್ಪ ಖರ್ಚಾಗುತ್ತದೆ, ಆದರೆ ದ್ವಾದಶಿಯ ಊಟದಲ್ಲಿ ಅದು ಸುಲಭವಾಗಿ ತುಂಬಿಕೊಳ್ಳುತ್ತದೆ. ವ್ರತವನ್ನು ವ್ರತವಾಗಿಯೇ ಮಾಡಿ, ತೂಕದ ಲೆಕ್ಕಕ್ಕೆ ಅದನ್ನು ತರಬೇಡಿ. ಸಕ್ಕರೆ ಕಾಯಿಲೆಯ ಮಾತ್ರೆ ಅಥವಾ ಇನ್ಸುಲಿನ್ ಇದ್ದರೆ ಮಾತ್ರ, ಉಪವಾಸದ ದಿನ ಅದನ್ನು ಹೇಗೆ ತಗೊಳ್ಳಬೇಕು ಅಂತ ನಿಮ್ಮ ವೈದ್ಯರನ್ನು ಮೊದಲೇ ಕೇಳಿಟ್ಟುಕೊಳ್ಳಿ. ಸಕ್ಕರೆ ಅಂಶ ತೀರಾ ಇಳಿದರೆ ಅಪಾಯ.

ಪ್ರಶ್ನೆ: ಐದು ಕೆಜಿ ಇಳಿಸಿದ ಮೇಲೆ ಈಗ ಆರು ವಾರದಿಂದ ಒಂದು ಗ್ರಾಂ ಅಲ್ಲಾಡಿಲ್ಲ. ಇದೂ ನೀರೇನಾ?
ತುಮಕೂರು

ಉತ್ತರ: ಎರಡು ಮೂರು ವಾರ ಆಗಿದ್ದರೆ ಹೌದು, ನೀರೇ ಇರಬಹುದು ಅನ್ನುತ್ತಿದ್ದೆ. ಕೊಬ್ಬು ಇಳಿಯುತ್ತಿದ್ದರೂ ನೀರು ಸೇರಿಕೊಂಡು ಅದನ್ನು ಮುಚ್ಚಿಬಿಡುವುದುಂಟು. 1944–45ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಅನ್ನುವ ವಿಜ್ಞಾನಿ 36 ಯುವಕರಿಗೆ ತಿಂಗಳುಗಟ್ಟಲೆ ಅರೆಹೊಟ್ಟೆ ಊಟ ಕೊಟ್ಟು ಪರೀಕ್ಷೆ ಮಾಡಿದಾಗ, ಮೈ ಸೊರಗಿ ಕಡ್ಡಿಯಾಗುತ್ತಿದ್ದರೂ ಅವರಲ್ಲಿ ಎಷ್ಟೋ ಜನರ ಕಾಲು, ಮುಖ ನೀರು ತುಂಬಿ ಊದಿಕೊಂಡಿತ್ತು. ತೀರಾ ಕಡಿಮೆ ತಿನ್ನುವುದು ಕೂಡ ಮೈಗೆ ಎಂಥ ಹಿಂಸೆ ಅಂತ ಅದರಿಂದ ಗೊತ್ತಾಗುತ್ತದೆ.

ಆದರೆ ಆರು ವಾರ ಅಂದರೆ ಬೇರೆ. ಐದು ಕೆಜಿ ಕಡಿಮೆಯಾದ ಮೈಗೆ ಊಟವೂ ಸ್ವಲ್ಪ ಕಡಿಮೆ ಸಾಕು, ಮೊದಲಿನ ಅಳತೆಯೇ ಈಗ ಸರಿಸಮ ಆಗಿರಬಹುದು. ಮನೆಗೆ ತಿಂಗಳಿಗೆ ಎಷ್ಟು ಎಣ್ಣೆ ತರುತ್ತೀರಿ ನೋಡಿ. ನಾಲ್ಕು ಜನಕ್ಕೆ ನಾಲ್ಕು ಲೀಟರ್ ಆದರೆ ತಲೆಗೆ ದಿನಕ್ಕೆ 33 ಮಿಲಿ ಆಯಿತು, ಅಂದರೆ ಸುಮಾರು 275 ಕ್ಯಾಲೊರಿ ಬರೀ ಎಣ್ಣೆಯಿಂದ. ಅದನ್ನು ಮೂರು ಲೀಟರಿಗೆ ಇಳಿಸಿದರೆ ಊಟದ ಪ್ರಮಾಣ ಮುಟ್ಟದೆ ದಿನಕ್ಕೆ ಎಪ್ಪತ್ತು ಕ್ಯಾಲೊರಿ ಉಳಿಯಿತು. ಸಂಜೆ ಕಾಫಿ ಜೊತೆಗಿನ ಕೋಡುಬಳೆ, ಮಕ್ಕಳು ತಟ್ಟೆಯಲ್ಲಿ ಬಿಟ್ಟದ್ದನ್ನು ಬಾಯಿಗೆ ಹಾಕಿಕೊಳ್ಳುವುದು, ಭಾನುವಾರದ ಹೋಟೆಲ್, ಇವೆಲ್ಲವನ್ನೂ ಒಂದು ವಾರ ಬರೆದಿಡಿ. ಅದು ಸರಿಯಾಗಿದ್ದೂ ತೂಕ ಜಗ್ಗದಿದ್ದರೆ, ಸುಸ್ತು, ಚಳಿ, ಕೂದಲು ಉದುರುವುದು ಇದ್ದರೆ, ಥೈರಾಯ್ಡ್ ರಕ್ತ ಪರೀಕ್ಷೆ ಮಾಡಿಸಿ.

ಪ್ರಶ್ನೆ: ನನ್ನ ಮಗಳಿಗೆ 17. ದಿನಕ್ಕೆ ನಾಲ್ಕೈದು ಸಲ ತೂಕ ನೋಡುತ್ತಾಳೆ. ನೀರು ಕುಡಿದರೂ ತೂಕ ಬರುತ್ತದೆ ಅಂತ ಕುಡಿಯುವುದಿಲ್ಲ. ನೋಡಲು ಸಣ್ಣಗೇ ಇದ್ದಾಳೆ. ನಾಲ್ಕು ತಿಂಗಳಿಂದ ಮುಟ್ಟಾಗಿಲ್ಲ. ಬೈದರೆ ಅಳುತ್ತಾಳೆ.
ಬೆಳಗಾವಿ

ಉತ್ತರ: ಬೈಯಬೇಡಿ ಅಮ್ಮಾ. ಆದರೆ ಕಾಯಲೂ ಬೇಡಿ. ನೀವು ಬರೆದಿರುವುದು ಡಯಟ್ ವಿಷಯ ಅಲ್ಲ, ಇದು ಕಾಯಿಲೆಯ ಲಕ್ಷಣ ಇರಬಹುದು, ಅದಕ್ಕೆ ಚಿಕಿತ್ಸೆ ಇದೆ. ಈ ವಾರವೇ ಫಿಸಿಷಿಯನ್ ಹತ್ತಿರ ಕರೆದುಕೊಂಡು ಹೋಗಿ, ಮುಟ್ಟು ನಿಂತಿರುವುದನ್ನು, ನೀರು ಕುಡಿಯದಿರುವುದನ್ನು ಬಿಡಿಸಿ ಹೇಳಿ, ಮನೋವೈದ್ಯರಿಗೂ ತೋರಿಸಿ. ತಲೆಸುತ್ತಿ ಬಿದ್ದರೆ ಅವತ್ತೇ ಆಸ್ಪತ್ರೆಗೆ. ಮೊದಲು ಯಾರ ಜೊತೆಗಾದರೂ ಮಾತಾಡಬೇಕು ಅನ್ನಿಸಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಮನೆಯಲ್ಲಿ ಅವಳ ಮೈ ಬಗ್ಗೆ ಯಾರೂ ಏನೂ ಹೇಳಬಾರದು, ‘ಸಣ್ಣ ಆಗಿದ್ದೀಯ’ ಅನ್ನುವ ಹೊಗಳಿಕೆ ಕೂಡ ಬೇಡ. ಮಷಿನ್ ಕಿತ್ತುಕೊಂಡು ಜಗಳ ಮಾಡುವುದಕ್ಕಿಂತ ಡಾಕ್ಟರ ಬಾಯಲ್ಲೇ ಅದನ್ನು ಹೇಳಿಸಿ.

ಪ್ರಶ್ನೆ: ನಾನು ಮಸ್ಕತ್‌ನಲ್ಲಿ ಇದ್ದೇನೆ. ಅಪ್ಪ ಅಮ್ಮ ಶಿವಮೊಗ್ಗದಲ್ಲಿ. ಅಪ್ಪನಿಗೆ 71, ಹೃದಯದ ಪಂಪಿಂಗ್ ಕಡಿಮೆ ಅಂತ ಮಾತ್ರೆ ತಗೊಳ್ಳುತ್ತಾರೆ. ತೂಕ ಇಳಿಸಲಿ ಅಂತ ನಾನೇ ಮಷಿನ್ ಕಳಿಸಿದ್ದೆ. ಮೂರು ದಿನದಲ್ಲಿ 2.3 ಕೆಜಿ ಏರಿದೆ. ಅಮ್ಮ ‘ಏನೂ ಜಾಸ್ತಿ ತಿಂದಿಲ್ಲ, ಮಂಡಿನೋವು ಅಂತ ಮಲಗೇ ಇರ್ತಾರೆ, ಪಾದ ಸ್ವಲ್ಪ ಊದಿದೆ’ ಅಂತಾರೆ. ಊಟ ಕಡಿಮೆ ಮಾಡಿಸಲಾ?

ಉತ್ತರ: ನಿಮಗೆ ಇದರ ಉತ್ತರವನ್ನು ಅವತ್ತೇ ಇಮೇಲ್‌ನಲ್ಲಿ ಕಳಿಸಿದ್ದೆ, ಪತ್ರಿಕೆ ಬರುವ ತನಕ ಕಾಯುವ ವಿಷಯ ಅಲ್ಲ ಇದು. ಬೇರೆ ಓದುಗರಿಗೂ ತಿಳಿಯಲಿ ಅಂತ ಇಲ್ಲಿ ಹಾಕುತ್ತಿದ್ದೇನೆ.

ಮೇಲಿನ ಹೆಚ್ಚಿನ ಪತ್ರಗಳಿಗೆ ‘ನೀರು, ಹೆದರಬೇಡಿ’ ಅಂದೆ. ಹೃದಯ, ಕಿಡ್ನಿ ಅಥವಾ ಲಿವರ್ ಕಾಯಿಲೆ ಇರುವವರಿಗೆ ಆ ಮಾತು ಅನ್ವಯಿಸುವುದಿಲ್ಲ. ಹೃದಯದ ಪಂಪಿಂಗ್ ಕಡಿಮೆ ಇರುವವರಲ್ಲಿ ಮೂರು ದಿನದಲ್ಲಿ ಎರಡು ಕೆಜಿಗಿಂತ ಜಾಸ್ತಿ ಏರಿದರೆ ಅವತ್ತೇ ಅವರ ಡಾಕ್ಟರಿಗೆ ತಿಳಿಸಬೇಕು. ಮೈಯಲ್ಲಿ, ಶ್ವಾಸಕೋಶದಲ್ಲಿ ನೀರು ತುಂಬುತ್ತಿರುವ ಸೂಚನೆ ಅದು. ಅಂಗಾತ ಮಲಗಿದರೆ ಉಸಿರು ಕಟ್ಟುತ್ತದಾ, ಮೊದಲಿಗಿಂತ ಒಂದು ದಿಂಬು ಹೆಚ್ಚು ಬೇಕಾಗುತ್ತಿದೆಯಾ, ಕಣಕಾಲಿನ ಮೇಲೆ ಬೆರಳಿನಿಂದ ಒತ್ತಿದರೆ ಗುಳಿ ಹಾಗೇ ಉಳಿಯುತ್ತದಾ ಅಂತ ಅಮ್ಮನನ್ನು ಕೇಳಿ ಅಂತ ಬರೆದಿದ್ದೆ. ಕೂತಲ್ಲೇ ಏದುಸಿರು ಬಂದರೆ ಫೋನ್ ಮಾಡುತ್ತಾ ಕೂರದೆ ನೇರ ಎಮರ್ಜೆನ್ಸಿಗೆ ಹೋಗಬೇಕು.

ಇನ್ನೊಂದು ವಿಷಯ ಕೇಳಿದ್ದೆ, ಮಂಡಿನೋವಿಗೆ ಏನು ಮಾತ್ರೆ ನುಂಗುತ್ತಿದ್ದಾರೆ ಅಂತ. ಐಬುಪ್ರೊಫೆನ್, ಡೈಕ್ಲೋಫೆನಾಕ್ ಥರದ ನೋವಿನ ಮಾತ್ರೆಗಳು ಉಪ್ಪು, ನೀರು ಎರಡನ್ನೂ ಮೈಯಲ್ಲಿ ನಿಲ್ಲಿಸುತ್ತವೆ. ಹೃದಯದ ತೊಂದರೆ ಇರುವವರು ಇವನ್ನು ತಾವೇ ಅಂಗಡಿಯಿಂದ ತಂದು ನುಂಗಲೇಬಾರದು. ನೀವು ಮಾರನೆ ದಿನ ಬರೆದಿರಿ, ಪಕ್ಕದ ಮನೆಯವರು ಹೇಳಿದರು ಅಂತ ಅಪ್ಪ ಒಂದು ವಾರದಿಂದ ಅದನ್ನೇ ದಿನಕ್ಕೆರಡು ತಗೊಳ್ಳುತ್ತಿದ್ದರು, ಡಾಕ್ಟರು ಅದನ್ನು ನಿಲ್ಲಿಸಿ ನೀರಿನ ಮಾತ್ರೆಯ (ಮೈಯಲ್ಲಿ ಸೇರಿದ ನೀರನ್ನು ಮೂತ್ರದಲ್ಲಿ ಹೊರಗೆ ಕಳಿಸುವ ಮಾತ್ರೆ) ಪ್ರಮಾಣ ಬದಲಿಸಿದ್ದಾರೆ, ತೂಕ ಇಳಿಯುತ್ತಿದೆ ಅಂತ. ಕೇಳಿ ತುಂಬಾ ಸಮಾಧಾನವಾಯಿತು. ನೀರಿನ ಮಾತ್ರೆಯನ್ನು ಮಾತ್ರ ನೀವಾಗಿ ಹೆಚ್ಚು ಕಡಿಮೆ ಮಾಡಬೇಡಿ.

ಅಪ್ಪ ದಿನಾ ಬೆಳಿಗ್ಗೆ ತೂಕ ನೋಡುವುದನ್ನು ಮುಂದುವರಿಸಲಿ. ಬಿಪಿ ಬರೆಯುವ ಪುಸ್ತಕದಲ್ಲೇ ಪಕ್ಕಕ್ಕೆ ಇನ್ನೊಂದು ಸಾಲು ಎಳೆದು ತೂಕ ಬರೆಯಲು ಅಮ್ಮನಿಗೆ ಹೇಳಿ, ಡಾಕ್ಟರ ಹತ್ತಿರ ಹೋಗುವಾಗ ಆ ಪುಸ್ತಕ ಚೀಲದಲ್ಲಿರಲಿ. ಏನು ಏರಿದರೆ ಯಾವ ನಂಬರಿಗೆ ಫೋನ್ ಮಾಡಬೇಕು ಅನ್ನುವುದನ್ನು ಅದರ ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಬರೆಸಿಡಿ.